ಸವರನ್ ಅಂದ್ರೆ 8 ಗ್ರಾಂ ಯಾಕೆ? ಚಿನ್ನದಂಗಡಿಯಲ್ಲಿ ಉಳಿದುಕೊಂಡ ಬ್ರಿಟಿಷ್ ನಾಣ್ಯದ ಕಥೆ

ಚೆನ್ನೈನಲ್ಲಿ ಚಿನ್ನದ ದರ ಕೇಳಿದರೆ ಅಂಗಡಿಯವರು ‘ಸವರನ್‌ಗೆ ಇಷ್ಟು’ ಎನ್ನುತ್ತಾರೆ. ಮುಂಬೈ, ಪುಣೆಯಲ್ಲಿ ಮಾತು ತೊಲದ ಲೆಕ್ಕದಲ್ಲಿ ನಡೆಯುತ್ತದೆ. ದೆಹಲಿಯ ಚಿನಿವಾರ ಪೇಟೆಯ ಸುದ್ದಿಯಲ್ಲಿ ಬರುವುದು 10 ಗ್ರಾಂ ದರ. ಮಂಗಳೂರು, ಉಡುಪಿ, ಕಾಸರಗೋಡು ಕಡೆಯ ಮನೆಗಳಲ್ಲಿ ಹಿರಿಯರು ಇಂದಿಗೂ ‘ಮಗಳಿಗೆ ಎಷ್ಟು ಪವನ್ ಹಾಕಿದಿರಿ?’ ಎಂದು ಕೇಳುತ್ತಾರೆ.

ಈ ಸವರನ್ ಮತ್ತು ಪವನ್ ಎರಡೂ ಒಂದೇ ವಸ್ತುವಿನ ಹೆಸರು. ಆ ವಸ್ತು ಬ್ರಿಟನ್ನಿನ ‘ಸಾವರಿನ್’ ಎಂಬ ಚಿನ್ನದ ನಾಣ್ಯ. ಬ್ರಿಟಿಷರು ಭಾರತ ಬಿಟ್ಟು ಹೋಗಿ ಮುಕ್ಕಾಲು ಶತಮಾನ ಕಳೆದಿದೆ. ಆ ನಾಣ್ಯ ನಮ್ಮ ದೇಶದಲ್ಲಿ ಚಲಾವಣೆ ಕಳೆದುಕೊಂಡು ಅದಕ್ಕಿಂತಲೂ ಹೆಚ್ಚು ಕಾಲವಾಗಿದೆ. ಆದರೂ ದಕ್ಷಿಣ ಭಾರತದ ಮದುವೆ ಮಾತುಕತೆಯಲ್ಲಿ, ಅಡವಿನ ಚೀಟಿಯಲ್ಲಿ, ಆಸ್ತಿ ಪಾಲಿನ ಪಟ್ಟಿಯಲ್ಲಿ ಅದರ ಹೆಸರು ಗಟ್ಟಿಯಾಗಿ ಕುಳಿತಿದೆ. ಆದರೆ ನಾಣ್ಯದ ಸವರನ್ ಮತ್ತು ಅಂಗಡಿಯ ಸವರನ್ ಪೂರ್ತಿ ಒಂದೇ ಅಲ್ಲ. ಇವೆರಡರ ವ್ಯತ್ಯಾಸ ಗೊತ್ತಿಲ್ಲದಿದ್ದರೆ ಕೊಳ್ಳುವಾಗಲೂ, ಮಾರುವಾಗಲೂ, ಹಂಚುವಾಗಲೂ ಗೊಂದಲವಾಗುತ್ತದೆ.

ಈ ನಾಣ್ಯ ಎಲ್ಲಿ ಹುಟ್ಟಿತು, 8 ಗ್ರಾಂ ಎಂಬ ಲೆಕ್ಕ ಎಲ್ಲಿಂದ ಬಂತು, ಮುಂಬೈನಲ್ಲೇ ಇದನ್ನು ಟಂಕಿಸಿದ್ದು ಯಾವಾಗ, ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ಏನು ಗಮನಿಸಬೇಕು ಎಂಬ ಮಾಹಿತಿ ಇಲ್ಲಿದೆ.

ಹೆಸರಿನ ಅರ್ಥವೇನು?

ಇಂಗ್ಲಿಷಿನ ಸಾವರಿನ್ ಎಂದರೆ ಸಾರ್ವಭೌಮ, ಅಂದರೆ ತನ್ನ ಮೇಲೆ ಇನ್ನೊಬ್ಬ ಒಡೆಯನಿಲ್ಲದ ದೊರೆ. 1489ರಲ್ಲಿ ಇಂಗ್ಲೆಂಡಿನ ದೊರೆ 7ನೇ ಹೆನ್ರಿ ಹೊಸದೊಂದು ಚಿನ್ನದ ನಾಣ್ಯ ಹೊರಡಿಸಲು ಆದೇಶಿಸಿದ. ನಾಣ್ಯದ ಒಂದು ಬದಿಯಲ್ಲಿ ಸಿಂಹಾಸನದ ಮೇಲೆ ಕುಳಿತ ದೊರೆಯ ಪೂರ್ಣ ಚಿತ್ರವಿತ್ತು, ಇನ್ನೊಂದು ಬದಿಯಲ್ಲಿ ಟ್ಯೂಡರ್ ವಂಶದ ಗುಲಾಬಿ ಮತ್ತು ರಾಜಲಾಂಛನ. ಸಿಂಹಾಸನದ ಮೇಲಿನ ಆ ಚಿತ್ರದಿಂದಲೇ ನಾಣ್ಯಕ್ಕೆ ಸಾವರಿನ್ ಎಂಬ ಹೆಸರು ಬಂತು.

ಅದಕ್ಕೂ ಮೊದಲು ಇಂಗ್ಲೆಂಡಿನಲ್ಲಿ ಪೌಂಡ್ ಎನ್ನುವುದು ಕೇವಲ ಲೆಕ್ಕದ ಪುಸ್ತಕದಲ್ಲಿತ್ತು. 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್, ಒಟ್ಟು 240 ಪೆನ್ನಿ. ನಮ್ಮಲ್ಲಿ 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ ಎಂಬ ಲೆಕ್ಕವಿದ್ದ ಹಾಗೆ. ಆದರೆ ‘ಇದು ಒಂದು ಪೌಂಡ್’ ಎಂದು ಕೈಗೆ ಕೊಡಬಹುದಾದ ನಾಣ್ಯ ಇರಲಿಲ್ಲ. 7ನೇ ಹೆನ್ರಿಯ ಸಾವರಿನ್ ಆ ಕೊರತೆ ತುಂಬಿದ ಮೊದಲ ನಾಣ್ಯ. ಅದರ ತೂಕ ಸುಮಾರು 15.5 ಗ್ರಾಂ. ಅಂದರೆ ಇಂದಿನ ಸವರನ್‌ನ ಸುಮಾರು ಎರಡು ಪಟ್ಟು.

ಅದು ದಿನನಿತ್ಯದ ವ್ಯಾಪಾರದ ನಾಣ್ಯವಾಗಿರಲಿಲ್ಲ. ಅಂತಃಕಲಹ ಮುಗಿಸಿ ಗದ್ದುಗೆ ಏರಿದ್ದ ಹೆನ್ರಿಗೆ ತನ್ನ ವಂಶದ ಅಧಿಕಾರ ಸಾರಬೇಕಿತ್ತು. ನಾಣ್ಯ ಅದಕ್ಕೊಂದು ದಾರಿಯಾಯಿತು. ಅವನ ನಂತರ ಟ್ಯೂಡರ್ ದೊರೆಗಳೆಲ್ಲ ಸಾವರಿನ್ ಹೊರಡಿಸಿದರು. 17ನೇ ಶತಮಾನದ ಆರಂಭದಲ್ಲಿ 1ನೇ ಜೇಮ್ಸ್ ಕಾಲಕ್ಕೆ ಈ ಹೆಸರು ನಿಂತುಹೋಗಿ, ಬೇರೆ ಚಿನ್ನದ ನಾಣ್ಯಗಳು ಬಂದವು.

8 ಗ್ರಾಂ ಲೆಕ್ಕದ ಮೂಲ: ಗಿನಿ ಮತ್ತು ನ್ಯೂಟನ್

ಇಂದಿನ ಸಾವರಿನ್ ನಾಣ್ಯದ ಅಧಿಕೃತ ತೂಕ 7.98805 ಗ್ರಾಂ. ನೋಡಿದರೆ ವಿಚಿತ್ರ ಸಂಖ್ಯೆ. ಇದು ಎಲ್ಲಿಂದ ಬಂತು ಎಂದು ತಿಳಿಯಲು ‘ಗಿನಿ’ ಎಂಬ ಇನ್ನೊಂದು ನಾಣ್ಯದ ಕಡೆ ನೋಡಬೇಕು.

1663ರಲ್ಲಿ 2ನೇ ಚಾರ್ಲ್ಸ್ ಕಾಲದಲ್ಲಿ ಇಂಗ್ಲೆಂಡ್ ಯಂತ್ರದಲ್ಲಿ ಒತ್ತಿದ ಹೊಸ ಚಿನ್ನದ ನಾಣ್ಯ ತಂದಿತು. ಅದಕ್ಕೆ ಬೇಕಾದ ಚಿನ್ನದ ಒಂದು ಪಾಲು ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಯಿಂದ ಬರುತ್ತಿತ್ತು. ಹಾಗಾಗಿ ಜನ ಅದನ್ನು ಗಿನಿ ಎಂದೇ ಕರೆದರು. ಆ ಚಿನ್ನ ತರುತ್ತಿದ್ದ ಆಫ್ರಿಕನ್ ಕಂಪನಿಯೇ ಗುಲಾಮರ ವ್ಯಾಪಾರವನ್ನೂ ಮಾಡುತ್ತಿತ್ತು.

ಗಿನಿಯ ಬೆಲೆ ಮೊದಲು 20 ಶಿಲ್ಲಿಂಗ್ ಎಂದಿತ್ತು. ಆದರೆ ಶಿಲ್ಲಿಂಗ್ ಬೆಳ್ಳಿಯದು, ಗಿನಿ ಚಿನ್ನದ್ದು. ಚಲಾವಣೆಯಲ್ಲಿದ್ದ ಬೆಳ್ಳಿ ನಾಣ್ಯಗಳ ಅಂಚನ್ನು ಕತ್ತರಿಸಿ ಕದಿಯುವುದು ಆಗ ದೊಡ್ಡ ದಂಧೆಯಾಗಿತ್ತು. ಬೆಳ್ಳಿ ನಾಣ್ಯ ಸವೆದಷ್ಟೂ ಗಿನಿಗೆ ಹೆಚ್ಚು ಶಿಲ್ಲಿಂಗ್ ಕೊಡಬೇಕಾಯಿತು. 1690ರ ದಶಕದಲ್ಲಿ ಒಂದು ಗಿನಿಗೆ 30 ಶಿಲ್ಲಿಂಗ್‌ವರೆಗೂ ದರ ಏರಿತ್ತು.

ಈ ಗೊಂದಲದ ಬಗ್ಗೆ 1717ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟವರು ಆಗ ಲಂಡನ್ ಟಂಕಸಾಲೆಯ ಮುಖ್ಯಸ್ಥರಾಗಿದ್ದ ಐಸಾಕ್ ನ್ಯೂಟನ್. ಗುರುತ್ವಾಕರ್ಷಣೆಯ ಅದೇ ನ್ಯೂಟನ್. ಆ ವರ್ಷದ ಡಿಸೆಂಬರ್‌ನಲ್ಲಿ ಗಿನಿಯ ಬೆಲೆಯನ್ನು 21 ಶಿಲ್ಲಿಂಗ್‌ಗೆ ನಿಗದಿಪಡಿಸಲಾಯಿತು. ಅದು ಮತ್ತೆ ಬದಲಾಗಲಿಲ್ಲ.

ಒಂದು ಟ್ರಾಯ್ ಪೌಂಡ್ ತೂಕದ, ಅಂದರೆ ಸುಮಾರು 373.24 ಗ್ರಾಂ, 22 ಕ್ಯಾರಟ್ ಚಿನ್ನದಲ್ಲಿ ನಲವತ್ತನಾಲ್ಕೂವರೆ ಗಿನಿ ಮಾಡಬೇಕು ಎಂಬುದು ನಿಯಮ. ಹಾಗಾಗಿ ಒಂದು ಗಿನಿ ಸುಮಾರು 8.39 ಗ್ರಾಂ. 100 ವರ್ಷದ ನಂತರ ಬ್ರಿಟನ್ 21 ಶಿಲ್ಲಿಂಗ್‌ನ ಗಿನಿ ಬಿಟ್ಟು, ಲೆಕ್ಕಕ್ಕೆ ಸುಲಭವಾದ 20 ಶಿಲ್ಲಿಂಗ್‌ನ ನಾಣ್ಯ ತರಲು ಹೊರಟಾಗ ಚಿನ್ನದ ದರ ಬದಲಿಸಲಿಲ್ಲ. ಗಿನಿಯ ತೂಕವನ್ನು 21ರಿಂದ ಭಾಗಿಸಿ 20ರಿಂದ ಗುಣಿಸಿದರು. ಬಂದ ಉತ್ತರವೇ 7.98805 ಗ್ರಾಂ. ಚೆನ್ನೈ ಅಂಗಡಿಯ ‘ಒಂದು ಸವರನ್, 8 ಗ್ರಾಂ’ ಎಂಬ ಲೆಕ್ಕದ ಬೇರು 1717ರ ಆ ಆದೇಶದಲ್ಲಿದೆ.

1817: ಸವರನ್ ಮತ್ತೆ ಹುಟ್ಟಿತು

ಫ್ರಾನ್ಸ್ ಜೊತೆಗಿನ ಯುದ್ಧದ ಒತ್ತಡಕ್ಕೆ ಸಿಲುಕಿ 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತ್ತು. ಆಗ ಒಂದು ಮತ್ತು ಎರಡು ಪೌಂಡ್ ನೋಟುಗಳು ಜನರ ಕೈಗೆ ಬಂದವು. ಚಿನ್ನದ ನಾಣ್ಯ ಪೆಟ್ಟಿಗೆ ಸೇರಿತು. ನೆಪೋಲಿಯನ್ ಸೋತ ಮೇಲೆ 1816ರಲ್ಲಿ ಹೊಸ ನಾಣ್ಯ ಕಾಯ್ದೆ ಬಂತು. ಚಿನ್ನವೇ ಮೌಲ್ಯದ ಅಳತೆ, ಬೆಳ್ಳಿ ಚಿಲ್ಲರೆಗೆ ಮಾತ್ರ ಎಂದು ಕಾನೂನು ಹೇಳಿತು. 40 ಶಿಲ್ಲಿಂಗ್‌ಗಿಂತ ಹೆಚ್ಚಿನ ಸಾಲವನ್ನು ಬೆಳ್ಳಿ ನಾಣ್ಯದಲ್ಲಿ ತೀರಿಸಿದರೆ ಪಡೆಯಲೇಬೇಕು ಎಂಬ ಕಡ್ಡಾಯ ಇರಲಿಲ್ಲ.

1817ರಲ್ಲಿ ಬಂದ 20 ಶಿಲ್ಲಿಂಗ್‌ನ ಹೊಸ ನಾಣ್ಯಕ್ಕೆ ಟ್ಯೂಡರ್ ಕಾಲದ ಹಳೆಯ ಹೆಸರನ್ನೇ ಕೊಟ್ಟರು. ಒಂದು ಬದಿಯಲ್ಲಿ 3ನೇ ಜಾರ್ಜ್ ಮುಖ. ಇನ್ನೊಂದು ಬದಿಯಲ್ಲಿ ಕುದುರೆ ಏರಿ ಡ್ರ್ಯಾಗನ್ ಕೊಲ್ಲುತ್ತಿರುವ ಸಂತ ಜಾರ್ಜ್. ಇದನ್ನು ಕೆತ್ತಿದವರು ರೋಮ್‌ನಿಂದ ಲಂಡನ್‌ಗೆ ಬಂದಿದ್ದ ಶಿಲ್ಪಿ ಬೆನೆಡೆಟ್ಟೊ ಪಿಸ್ಟ್ರುಚಿ. ವಿದೇಶಿ ಎಂಬ ಕಾರಣಕ್ಕೆ ಟಂಕಸಾಲೆಯ ಮುಖ್ಯ ಕೆತ್ತನೆಗಾರನ ಅಧಿಕೃತ ಹುದ್ದೆ ಅವರಿಗೆ ಸಿಗಲಿಲ್ಲ. ಆದರೆ 200 ವರ್ಷ ದಾಟಿದರೂ ಸವರನ್ ಮೇಲೆ ಅವರ ಕೆತ್ತನೆಯೇ ಇದೆ. ನಡುವೆ ಕೆಲಕಾಲ ರಾಜಲಾಂಛನದ ಗುರಾಣಿ ಇದ್ದ ನಾಣ್ಯಗಳು ಬಂದವು, 1871ರಿಂದ ಸಂತ ಜಾರ್ಜ್ ಮರಳಿದ.

ಇನ್ನೊಂದು ವಿಶೇಷವನ್ನು ಗಮನಿಸಿ. ಸಂತ ಜಾರ್ಜ್ ಇರುವ ಈ ನಾಣ್ಯದ ಮೇಲೆ ‘ಒಂದು ಪೌಂಡ್’ ಎಂದು ಎಲ್ಲೂ ಬರೆದಿಲ್ಲ. ಹೆಸರಿಲ್ಲ, ಬೆಲೆಯಿಲ್ಲ, ದೊರೆಯ ಮುಖ ಮತ್ತು ವರ್ಷ ಮಾತ್ರ ಇದೆ. ಅದರ ಬೆಲೆ ಅದರ ತೂಕದಲ್ಲೇ ಇತ್ತು. ಸವೆದು ನಿಗದಿತ ಮಿತಿಗಿಂತ ತೂಕ ಕಡಿಮೆಯಾದ ಸವರನ್ ಬ್ರಿಟನ್ನಿನಲ್ಲೇ ಕಾನೂನುಬದ್ಧ ಹಣ ಅಲ್ಲ ಎಂಬ ನಿಯಮವಿತ್ತು. ಬ್ಯಾಂಕುಗಳಲ್ಲಿ ನಾಣ್ಯ ಎಣಿಸುವುದರ ಜೊತೆಗೆ ತೂಗುವುದೂ ಕೆಲಸವಾಗಿತ್ತು.

22 ಕ್ಯಾರಟ್ ಏಕೆ ಎಂಬುದಕ್ಕೂ ಕಾರಣವಿದೆ. ಅಪರಂಜಿ ಚಿನ್ನ ಮೆತ್ತಗೆ, ಕೈ ಬದಲಾದಂತೆ ಬೇಗ ಸವೆಯುತ್ತದೆ. 12ರಲ್ಲಿ 11 ಪಾಲು ಚಿನ್ನ, ಒಂದು ಪಾಲು ತಾಮ್ರ ಸೇರಿಸಿದರೆ ಗಟ್ಟಿಯಾಗುತ್ತದೆ. ಶೇಕಡಾವಾರು ನೋಡಿದರೆ 91.67. ಇಂದು ಒಡವೆಯ ಮೇಲೆ ಕಾಣುವ ‘916’ ಮುದ್ರೆ ಹೇಳುವುದೂ ಇದೇ ಶುದ್ಧತೆಯನ್ನು. ಲೆಕ್ಕ ಹಾಕಿದರೆ ಒಂದು ಸವರನ್ ನಾಣ್ಯದಲ್ಲಿರುವ ಶುದ್ಧ ಚಿನ್ನ 7.32 ಗ್ರಾಂ.

ಜಗತ್ತು ಸುತ್ತಿದ ನಾಣ್ಯ

1851ರಲ್ಲಿ ಆಸ್ಟ್ರೇಲಿಯಾದಲ್ಲಿ ಚಿನ್ನದ ಬೇಟೆ ಶುರುವಾಯಿತು. ಅಲ್ಲಿನ ಚಿನ್ನವನ್ನು ಹಡಗಿನಲ್ಲಿ ಲಂಡನ್‌ಗೆ ಸಾಗಿಸಿ, ನಾಣ್ಯ ಮಾಡಿ ವಾಪಸ್ ತರುವುದಕ್ಕಿಂತ ಅಲ್ಲೇ ಟಂಕಿಸುವುದು ಅಗ್ಗ. 1855ರಲ್ಲಿ ಸಿಡ್ನಿಯಲ್ಲಿ ಟಂಕಸಾಲೆ ತೆರೆಯಿತು. ನಂತರ ಮೆಲ್ಬರ್ನ್, ಪರ್ತ್, ಕೆನಡಾದ ಒಟ್ಟಾವ, ಕೊನೆಗೆ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ. ಪ್ರತಿ ಶಾಖೆಗೂ ಒಂದು ಗುರುತಿನ ಅಕ್ಷರ. ಎಲ್ಲೇ ಒತ್ತಿದರೂ ತೂಕ ಮತ್ತು ಶುದ್ಧತೆ ಒಂದೇ. ಹಾಗಾಗಿ ಯಾವ ಬಂದರಿನಲ್ಲಿ ಕೊಟ್ಟರೂ ವ್ಯಾಪಾರಿಗಳು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಟರ್ಕಿಯ ವಿರುದ್ಧ ಬಂಡೆದ್ದ ಅರಬ್ ಪಂಗಡಗಳಿಗೆ ಬ್ರಿಟನ್ ಹಣ ಕೊಟ್ಟದ್ದೂ ಸವರನ್ ರೂಪದಲ್ಲೇ.

ಭಾರತಕ್ಕೆ ಬಂದದ್ದು ಹೇಗೆ? 15 ರೂಪಾಯಿಯ ಸವರನ್

ಬ್ರಿಟಿಷ್ ಭಾರತದ ಹಣ ಬೆಳ್ಳಿ ರೂಪಾಯಿ. ಅದರ ತೂಕ ಒಂದು ತೊಲ, ಅಂದರೆ 11.66 ಗ್ರಾಂ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಜಗತ್ತಿನಲ್ಲಿ ಬೆಳ್ಳಿಯ ಬೆಲೆ ಕುಸಿಯಿತು, ಅದರ ಜೊತೆ ರೂಪಾಯಿಯೂ ಕುಸಿಯಿತು. 1893ರಲ್ಲಿ ಸರ್ಕಾರ ಜನರು ತಂದ ಬೆಳ್ಳಿಯನ್ನು ರೂಪಾಯಿಯಾಗಿ ಟಂಕಿಸಿ ಕೊಡುವುದನ್ನು ನಿಲ್ಲಿಸಿತು. ರೂಪಾಯಿಗೆ 1 ಶಿಲ್ಲಿಂಗ್ 4 ಪೆನ್ಸ್ ದರ ನಿಗದಿಯಾಯಿತು. ಈ ಲೆಕ್ಕದಲ್ಲಿ ಒಂದು ಸವರನ್‌ಗೆ ಸರಿಯಾಗಿ 15 ರೂಪಾಯಿ. 1899ರ ಕಾಯ್ದೆ ಸವರನ್ ಮತ್ತು ಅರ್ಧ ಸವರನ್ ಎರಡನ್ನೂ ಭಾರತದಲ್ಲಿ ಕಾನೂನುಬದ್ಧ ಹಣ ಎಂದು ಘೋಷಿಸಿತು.

ಸರ್ಕಾರ ತಾನೇ ಮುಂದಾಗಿ ಚಿನ್ನದ ನಾಣ್ಯಗಳನ್ನು ಜನರ ಕೈಗೆ ಕೊಡಲು ನೋಡಿತು. ಮೊದಲ ಪ್ರಯತ್ನ ಫಲಿಸಲಿಲ್ಲ, ಕೊಟ್ಟ ನಾಣ್ಯಗಳಲ್ಲಿ ಬಹುಪಾಲು ಖಜಾನೆಗೇ ಮರಳಿದವು. ಅದು ಬರಗಾಲದ ಸಮಯ. 15 ರೂಪಾಯಿ ಸಾಮಾನ್ಯರಿಗೆ ದೊಡ್ಡ ಮೊತ್ತ, ಸಂತೆಯಲ್ಲಿ ಸವರನ್ ಕೊಟ್ಟರೆ ಚಿಲ್ಲರೆ ಕೊಡುವವರು ಯಾರು?

ಮುಂದಿನ ವರ್ಷಗಳಲ್ಲಿ ಚಿತ್ರ ಬದಲಾಯಿತು. ಹತ್ತಿ, ಸೆಣಬು, ಗೋಧಿ ರಫ್ತಿನ ಹಣದ ಒಂದು ಪಾಲು ಸವರನ್ ರೂಪದಲ್ಲಿ ದೇಶಕ್ಕೆ ಬಂತು. ಆದರೆ ಬಂದ ಚಿನ್ನದ ಹೆಚ್ಚಿನ ಪಾಲು ಸಂತೆಯಲ್ಲಿ ಉಳಿಯಲಿಲ್ಲ. ಪೆಟ್ಟಿಗೆ ಸೇರಿತು, ಅಕ್ಕಸಾಲಿಗನ ಕುಲುಮೆ ಸೇರಿತು, ಇಲ್ಲವೇ ಕೊಂಡಿ ಬೆಸೆಸಿಕೊಂಡು ಕೊರಳಿಗೆ ಬಂತು.

ಇದಕ್ಕೆ ಕಾರಣ ಸರಳ. ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿ ತೂಕ, ಊರಿಗೊಂದು ತೂಕದ ಕಲ್ಲು, ಒರೆಗೆ ಹಚ್ಚಿ ನೋಡಿದರೂ ಪೂರ್ತಿ ಹೋಗದ ಅನುಮಾನ. ಇದರ ನಡುವೆ ಯಾರು ತಂದರೂ ಒಂದೇ ತೂಕ, ಒಂದೇ ಶುದ್ಧತೆ ಇರುವ ವಸ್ತು ಎಂದರೆ ಸವರನ್. ‘ಹತ್ತು ಸವರನ್ ಹಾಕಿ ಸರ ಮಾಡಿಕೊಡು’ ಎಂದರೆ ಸಾಕು, ತೂಕವೂ ಹೇಳಿದಂತಾಯಿತು, ಮಟ್ಟವೂ ಹೇಳಿದಂತಾಯಿತು. ವರಹ, ಹಣ ಎಂಬ ಚಿನ್ನದ ನಾಣ್ಯಗಳನ್ನು ತಲೆಮಾರುಗಳಿಂದ ಬಳಸಿದ್ದ ದಕ್ಷಿಣದವರಿಗೆ ನಾಣ್ಯವನ್ನೇ ತೂಕವಾಗಿ ನೋಡುವುದು ಹೊಸದೂ ಅಲ್ಲ. ಹೀಗೆ ನಾಣ್ಯದ ಹೆಸರು ಅಳತೆಯ ಹೆಸರಾಯಿತು. ಸಾವರಿನ್ ಎಂಬುದು ತಮಿಳು, ಕನ್ನಡದ ಬಾಯಲ್ಲಿ ಸವರನ್ ಆಯಿತು. ಅದೇ ನಾಣ್ಯದ ಇನ್ನೊಂದು ಹೆಸರಾದ ಪೌಂಡ್ ಎಂಬುದು ತಮಿಳಿನಲ್ಲಿ ಪವುನ್, ಕೇರಳ ಮತ್ತು ಕರಾವಳಿಯಲ್ಲಿ ಪವನ್ ಆಯಿತು.

1918: ಮುಂಬೈನಲ್ಲಿ ಒತ್ತಿದ ಸವರನ್

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ತನ್ನ ಜನರಿಂದ ಸವರನ್ ವಾಪಸ್ ಪಡೆದು ಕಾಗದದ ನೋಟು ಕೊಟ್ಟಿತು. ಭಾರತದಲ್ಲಿ ಬೇರೆ ಸಮಸ್ಯೆ ಎದುರಾಯಿತು. ಸೈನ್ಯದ ಖರ್ಚು, ಯುದ್ಧ ಸಾಮಗ್ರಿ ಖರೀದಿಗೆ ಅಪಾರ ರೂಪಾಯಿ ಬೇಕಿತ್ತು, ಆದರೆ ಬೆಳ್ಳಿ ಸಿಗುತ್ತಿರಲಿಲ್ಲ. 1917ರ ಕೊನೆಯಲ್ಲಿ ಒಂದು ರೂಪಾಯಿ ನೋಟು ಬಂದದ್ದು ಇದೇ ಕಾರಣಕ್ಕೆ. 1918ರಲ್ಲಿ ಅಮೆರಿಕ ತನ್ನ ಸಂಗ್ರಹದ ಬೆಳ್ಳಿಯನ್ನು ಮಾರುವವರೆಗೂ ನೋಟಿಗೆ ನಾಣ್ಯ ಕೊಡುವುದು ಸರ್ಕಾರಕ್ಕೆ ಕಷ್ಟವಾಗಿತ್ತು.

ಆ ಬಿಕ್ಕಟ್ಟಿನಲ್ಲಿ ಕೈಯಲ್ಲಿದ್ದ ಚಿನ್ನವನ್ನೇ ನಾಣ್ಯ ಮಾಡುವ ನಿರ್ಧಾರವಾಯಿತು. ಮುಂಬೈ ಕೋಟೆ ಪ್ರದೇಶದ ಟಂಕಸಾಲೆಯಲ್ಲಿ ಲಂಡನ್ನಿನ ರಾಯಲ್ ಮಿಂಟ್‌ನ ಶಾಖೆ ತೆರೆದು ಸುಮಾರು 13 ಲಕ್ಷ ಸವರನ್‌ಗಳನ್ನು ಒತ್ತಲಾಯಿತು. ಎಲ್ಲದರ ಮೇಲೂ 5ನೇ ಜಾರ್ಜ್ ಮುಖ, 1918 ಎಂಬ ವರ್ಷ. ಸಂತ ಜಾರ್ಜ್‌ನ ಕುದುರೆಯ ಕೆಳಗಿನ ನೆಲದ ಗೆರೆಯ ಮೇಲೆ, ವರ್ಷದ ಅಂಕಿಗಳ ನೆತ್ತಿಯಲ್ಲಿ, ಇಂಡಿಯಾವನ್ನು ಸೂಚಿಸುವ ಇಂಗ್ಲಿಷಿನ ‘ಐ’ ಅಕ್ಷರ. ಇದೇ ತೂಕ ಮತ್ತು ಶುದ್ಧತೆಯ 15 ರೂಪಾಯಿಯ ಭಾರತೀಯ ಚಿನ್ನದ ಮೊಹರನ್ನೂ ಅದೇ ವರ್ಷ ಮುಂಬೈನಲ್ಲಿ ಟಂಕಿಸಲಾಯಿತು. 1919ರಲ್ಲಿ ಈ ಶಾಖೆ ಮುಚ್ಚಿತು. ಮುಂಬೈ ಸವರನ್ ಆ ಒಂದೇ ವರ್ಷಕ್ಕೆ ಸೀಮಿತವಾದ ಕಾರಣ ಇಂದು ಸಂಗ್ರಹಕಾರರು ಅದನ್ನು ಹುಡುಕುತ್ತಾರೆ.

ಯುದ್ಧದ ನಂತರ ಭಾರತದಲ್ಲಿ ಸವರನ್‌ನ ಕಾನೂನು ಸ್ಥಾನ ಕುಸಿಯುತ್ತಾ ಬಂತು. 1920ರಲ್ಲಿ ಅದರ ಬೆಲೆಯನ್ನು 15ರಿಂದ 10 ರೂಪಾಯಿಗೆ ಇಳಿಸಲಾಯಿತು. 1927ರ ಕಾಯ್ದೆ ಅದರ ಚಲಾವಣೆಯನ್ನೇ ರದ್ದು ಮಾಡಿ, ಸರ್ಕಾರಕ್ಕೆ ತಂದುಕೊಟ್ಟರೆ 13 ರೂಪಾಯಿ 5 ಆಣೆ 4 ಪೈ ದರದಲ್ಲಿ ಪಡೆಯುವುದಾಗಿ ಹೇಳಿತು. ಸ್ವತಂತ್ರ ಭಾರತದಲ್ಲಿ 1968ರ ಚಿನ್ನ ನಿಯಂತ್ರಣ ಕಾಯ್ದೆ ಗಟ್ಟಿ ಮತ್ತು ನಾಣ್ಯ ರೂಪದ ಚಿನ್ನ ಇಟ್ಟುಕೊಳ್ಳುವುದಕ್ಕೆ ಕಠಿಣ ನಿರ್ಬಂಧ ಹೇರಿತು. ಅದು ರದ್ದಾದದ್ದು 1990ರಲ್ಲಿ. ಇಷ್ಟೆಲ್ಲ ಕಾನೂನು ಬದಲಾದರೂ ಸವರನ್ ಎಂಬ ಅಳತೆ ಮಾತ್ರ ಜನರ ಬಾಯಿಂದ ಹೋಗಲಿಲ್ಲ.

ನಕಲಿ ನಾಣ್ಯ, ಆದರೆ ಚಿನ್ನ ಅಸಲಿ!

ಬ್ರಿಟನ್ 1931ರಲ್ಲಿ ಚಿನ್ನದ ಮಾನವನ್ನು ಕೈಬಿಟ್ಟಿತು, ಮರುವರ್ಷ ಪ್ರಿಟೋರಿಯಾದಲ್ಲೂ ಸವರನ್ ಟಂಕನ ನಿಂತಿತು. ಆದರೆ ಮಧ್ಯಪ್ರಾಚ್ಯ, ಗ್ರೀಸ್ ಮುಂತಾದ ಕಡೆ ಬೇಡಿಕೆ ಕುಗ್ಗಲಿಲ್ಲ. ಎರಡನೇ ಮಹಾಯುದ್ಧದ ನಂತರ ಒಂದು ಸವರನ್‌ಗೆ ಅದರಲ್ಲಿದ್ದ ಚಿನ್ನಕ್ಕಿಂತ ಸಾಕಷ್ಟು ಹೆಚ್ಚು ಬೆಲೆ ಸಿಗುತ್ತಿತ್ತು. ಇಟಲಿ, ಸಿರಿಯಾ ಮುಂತಾದೆಡೆ ನಕಲಿ ಮಾಡುವವರು ಹುಟ್ಟಿಕೊಂಡರು. ಅವರಲ್ಲಿ ಕೆಲವರು ಚಿನ್ನದಲ್ಲಿ ಮೋಸ ಮಾಡಲೇ ಇಲ್ಲ. ಪೂರ್ತಿ ತೂಕ, ಪೂರ್ತಿ 22 ಕ್ಯಾರಟ್ ಹಾಕಿ ನಾಣ್ಯ ಒತ್ತಿದರು. ಚಿನ್ನದ ದರಕ್ಕೂ ನಾಣ್ಯದ ದರಕ್ಕೂ ನಡುವೆ ಇದ್ದ ಅಂತರವೇ ಅವರ ಲಾಭ.

1952ರಲ್ಲಿ ಇಂಥದ್ದೊಂದು ಪ್ರಕರಣ ಸ್ವಿಟ್ಜರ್ಲೆಂಡಿನ ನ್ಯಾಯಾಲಯದ ಮುಂದೆ ಬಂದಾಗ, ಸವರನ್ ಈಗ ಚಲಾವಣೆಯ ಹಣವಲ್ಲ ಎಂಬ ಕಾರಣಕ್ಕೆ ಆರೋಪಿಯನ್ನು ಗಡೀಪಾರು ಮಾಡಲು ನ್ಯಾಯಾಲಯ ಒಪ್ಪಲಿಲ್ಲ. ಬ್ರಿಟನ್‌ಗೆ ಇದು ಮುಜುಗರ ತಂದಿತು. 1957ರಲ್ಲಿ ರಾಣಿ 2ನೇ ಎಲಿಜಬೆತ್ ಮುಖದ ಸವರನ್ ಟಂಕನ ಶುರುವಾಯಿತು. ನಾಣ್ಯ ಹೇರಳವಾಗಿ ಸಿಕ್ಕಿದರೆ ನಕಲಿಯವರ ಲಾಭ ಕರಗುತ್ತದೆ ಎಂಬುದು ಲೆಕ್ಕಾಚಾರ.

ಬ್ರಿಟನ್ನಿನಲ್ಲಿ ಸವರನ್ ಇಂದಿಗೂ ಕಾನೂನುಬದ್ಧ ಹಣ. ಲೆಕ್ಕದಲ್ಲಿ ಅದರ ಬೆಲೆ ಒಂದು ಪೌಂಡ್ ಮಾತ್ರ, ಆದರೆ ಆ ಬೆಲೆಗೆ ಯಾರೂ ಕೊಡುವುದಿಲ್ಲ. ಈಗ ಬರುವ ನಾಣ್ಯಗಳಲ್ಲಿ 3ನೇ ಚಾರ್ಲ್ಸ್ ಮುಖವಿದೆ. 2013ರಲ್ಲಿ ರಾಯಲ್ ಮಿಂಟ್ ಪರವಾನಗಿಯಡಿ ಹರಿಯಾಣದ ಎಂಎಂಟಿಸಿ-ಪ್ಯಾಂಪ್ ಘಟಕದಲ್ಲಿ ಭಾರತದ ಮಾರುಕಟ್ಟೆಗಾಗಿ ಸವರನ್ ಒತ್ತಲಾಯಿತು. 1918ರ ಹಾಗೆಯೇ ಅದರ ಮೇಲೂ ‘ಐ’ ಗುರುತಿತ್ತು.

ಅಂಗಡಿಯಲ್ಲಿ ಸವರನ್ ಎಂದಾಗ ಏನು ಗಮನಿಸಬೇಕು?

ಒಂದು: ಅಂಗಡಿಯ ಸವರನ್ ಎಂದರೆ ತೂಕ ಮಾತ್ರ. ಮೆಟ್ರಿಕ್ ಪದ್ಧತಿ ಬಂದ ಮೇಲೆ 7.988 ಗ್ರಾಂ ಎಂಬುದನ್ನು ಸುಲಭಕ್ಕಾಗಿ 8 ಗ್ರಾಂ ಮಾಡಿಕೊಳ್ಳಲಾಗಿದೆ. ವ್ಯತ್ಯಾಸ ಸುಮಾರು 12 ಮಿಲಿಗ್ರಾಂ. 10 ಬ್ರಿಟಿಷ್ ನಾಣ್ಯ ತೂಗಿದರೆ 79.88 ಗ್ರಾಂ, 10 ಸವರನ್ ಒಡವೆ ತೂಗಿದರೆ 80 ಗ್ರಾಂ.

ಎರಡು: ನಾಣ್ಯದ ಸವರನ್‌ನಲ್ಲಿ ಶುದ್ಧತೆಯ ಖಾತರಿ ಸೇರಿತ್ತು, ಅಂಗಡಿಯ ಸವರನ್‌ನಲ್ಲಿ ಸೇರಿಲ್ಲ. 18 ಕ್ಯಾರಟ್ ಚಿನ್ನವನ್ನೂ 8 ಗ್ರಾಂ ತೂಗಿ ಒಂದು ಸವರನ್ ಎನ್ನಬಹುದು. ಹಾಗಾಗಿ ಸವರನ್ ದರ ಕೇಳುವಾಗ ಅದು 22 ಕ್ಯಾರಟ್‌ನದೋ, 24 ಕ್ಯಾರಟ್‌ನದೋ ಎಂದು ಕೇಳಿ. ಒಡವೆಯ ಮೇಲೆ ಬಿಐಎಸ್ ಗುರುತು, 22ಕೆ916 ಎಂಬ ಶುದ್ಧತೆಯ ಮುದ್ರೆ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ನೋಡಿಕೊಳ್ಳಿ.

ಮೂರು: ‘ಸವರನ್ ಕಾಯಿನ್’ ಎಂದು ಅಂಗಡಿಯಲ್ಲಿ ಕೊಡುವುದು ಸಾಮಾನ್ಯವಾಗಿ ಲಕ್ಷ್ಮಿ, ಗಣಪತಿ ಚಿತ್ರವಿರುವ 8 ಗ್ರಾಂ ಬಿಲ್ಲೆ. ಅದು ಬ್ರಿಟಿಷ್ ನಾಣ್ಯವಲ್ಲ. ಚಿನ್ನವಾಗಿ ಅದರಲ್ಲಿ ತಪ್ಪಿಲ್ಲ, ಆದರೆ ಹಳೆಯ ನಾಣ್ಯದ ಸಂಗ್ರಹ ಮೌಲ್ಯ ಅದಕ್ಕಿಲ್ಲ.

ನಾಲ್ಕು: ಬೇರೆ ಬೇರೆ ಊರಿನ ಬೀಗರ ನಡುವೆ ಮಾತಾಗುವಾಗ ಗ್ರಾಂನಲ್ಲೇ ಹೇಳಿ. ಮುಂಬೈ ಮನೆಯವರು ‘5 ತೊಲ’ ಎಂದು, ಚೆನ್ನೈ ಮನೆಯವರು ‘5 ಸವರನ್’ ಎಂದು ಅಂದುಕೊಂಡರೆ ಏನಾಗುತ್ತದೆ ನೋಡಿ. ಹಳೆಯ ತೊಲ 11.66 ಗ್ರಾಂ, 5 ತೊಲಕ್ಕೆ 58.3 ಗ್ರಾಂ. ಈಗ ಹಲವು ಅಂಗಡಿಗಳಲ್ಲಿ 10 ಗ್ರಾಂ ಅನ್ನೇ ತೊಲ ಎನ್ನುತ್ತಾರೆ, ಆಗ 50 ಗ್ರಾಂ. 5 ಸವರನ್ ಎಂದರೆ 40 ಗ್ರಾಂ. ಮಾತು ಒಂದೇ ‘ಐದು’, ಆದರೆ 18 ಗ್ರಾಂವರೆಗೂ ವ್ಯತ್ಯಾಸ. ಪಾಲುಪತ್ರ, ಉಯಿಲು ಬರೆಯುವಾಗಲೂ ಸವರನ್ ಅಥವಾ ಪವನ್ ಎಂದಷ್ಟೇ ಬರೆಯದೆ ಗ್ರಾಂ ಮತ್ತು ಕ್ಯಾರಟ್ ಎರಡನ್ನೂ ನಮೂದಿಸುವುದು ಕ್ಷೇಮ.

ಐದು: 2015ರಲ್ಲಿ ಕೇಂದ್ರ ಸರ್ಕಾರ ತಂದ ‘ಸಾವರಿನ್ ಗೋಲ್ಡ್ ಬಾಂಡ್’ಗೂ ಈ 8 ಗ್ರಾಂ ಸವರನ್‌ಗೂ ಸಂಬಂಧವಿಲ್ಲ. ಅಲ್ಲಿ ಸಾವರಿನ್ ಎಂದರೆ ಸಾರ್ವಭೌಮ ಸರ್ಕಾರದ ಖಾತರಿ ಇರುವುದು ಎಂದರ್ಥ. ಅದರ ಲೆಕ್ಕ ಒಂದು ಗ್ರಾಂ ಘಟಕದಲ್ಲಿದೆ.

ಮನೆಯಲ್ಲಿ ಹಳೆಯ ಸವರನ್ ಇದ್ದರೆ?

ಅಜ್ಜಿಯ ಕಾಲದ ಪವನಿನ ಸರದಲ್ಲಿ ಅಥವಾ ದೇವರ ಪೆಟ್ಟಿಗೆಯಲ್ಲಿ ಅಸಲಿ ಬ್ರಿಟಿಷ್ ನಾಣ್ಯ ಇರುವ ಸಾಧ್ಯತೆ ಇದೆ. ಮೊದಲು ಅಳತೆ ನೋಡಿ. ಪೂರ್ಣ ಸವರನ್‌ನ ವ್ಯಾಸ 22.05 ಮಿಲಿಮೀಟರ್, ಅರ್ಧ ಸವರನ್‌ನದು ಸುಮಾರು 19.3 ಮಿಲಿಮೀಟರ್. ತೂಕ ಕ್ರಮವಾಗಿ 7.98 ಮತ್ತು 3.99 ಗ್ರಾಂ. ಅಂಚಿನಲ್ಲಿ ಸಣ್ಣ ಗೀರುಗಳಿರುತ್ತವೆ. ಕೊಂಡಿ ಬೆಸೆದಿದ್ದರೆ ತೂಕ ಹೆಚ್ಚು ಬರಬಹುದು, ಸವೆದಿದ್ದರೆ ಕಡಿಮೆ ಬರಬಹುದು.

ನಂತರ ಮುಖ ಮತ್ತು ವರ್ಷ ನೋಡಿ. ರಾಣಿ ವಿಕ್ಟೋರಿಯಾ, 7ನೇ ಎಡ್ವರ್ಡ್ ಅಥವಾ 5ನೇ ಜಾರ್ಜ್ ಮುಖದ ನಾಣ್ಯಗಳೇ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದ್ದವು. ಆ ಕಾಲದ ನಾಣ್ಯಗಳ ಮೇಲೆ ದೊರೆಯ ಹೆಸರಿನ ಜೊತೆ ‘ಇಂಡ್ ಇಂಪ್’ ಎಂಬ ಲ್ಯಾಟಿನ್ ಸಂಕ್ಷೇಪ ಕಂಡರೆ, ಭಾರತದ ಚಕ್ರವರ್ತಿ ಎಂಬ ಬಿರುದು ಅದು. 1893ರಿಂದ ಸವರನ್ ಮೇಲೆ ಈ ಬಿರುದು ಬಂತು. ಕುದುರೆಯ ಕೆಳಗೆ ಟಂಕಸಾಲೆಯ ಗುರುತಿನ ಅಕ್ಷರವಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಿ.

ನಾಣ್ಯವನ್ನು ಉಜ್ಜಿ ಹೊಳಪು ಮಾಡಬೇಡಿ, ಹೊಸದಾಗಿ ಕೊಂಡಿ ಬೆಸೆಸಬೇಡಿ. ಎರಡರಿಂದಲೂ ಸಂಗ್ರಹ ಮೌಲ್ಯ ಇಳಿಯುತ್ತದೆ. ಕರಗಿಸುವ ಮೊದಲು ಚಿನ್ನದ ಅಂಗಡಿಯ ಜೊತೆಗೆ ನಾಣ್ಯ ತಜ್ಞರೊಬ್ಬರಿಗೂ ತೋರಿಸಿ. ಸಾಮಾನ್ಯ ವರ್ಷದ, ಸವೆದ ನಾಣ್ಯಕ್ಕೆ ಚಿನ್ನದ ಬೆಲೆಗಿಂತ ತುಂಬಾ ಹೆಚ್ಚೇನೂ ಸಿಗದಿರಬಹುದು, ಅಪರೂಪದ್ದಾದರೆ ಕರಗಿಸಿದ ಮೇಲೆ ಮರಳಿ ಬರುವುದಿಲ್ಲ. ಶುದ್ಧತೆಯ ಪರೀಕ್ಷೆಯಲ್ಲಿ 22 ಕ್ಯಾರಟ್ ಬಂದ ಮಾತ್ರಕ್ಕೆ ನಾಣ್ಯ ಅಸಲಿ ಎಂದು ತೀರ್ಮಾನಿಸುವಂತಿಲ್ಲ, ಏಕೆ ಎಂಬುದನ್ನು ಮೇಲಿನ ನಕಲಿಗಳ ಕಥೆಯೇ ಹೇಳುತ್ತದೆ. ಆದರೆ ಚಿನ್ನವಾಗಿ ಮಾರುವಾಗ ಕನಿಷ್ಠ ಎಷ್ಟು ಬರಬೇಕು ಎಂಬ ಲೆಕ್ಕ ನಿಮ್ಮ ಕೈಯಲ್ಲೇ ಇದೆ. ಆ ದಿನದ 22 ಕ್ಯಾರಟ್ ಗ್ರಾಂ ದರವನ್ನು ನಾಣ್ಯದ ನಿಜವಾದ ತೂಕದಿಂದ ಗುಣಿಸಿದರೆ ಆಯಿತು.

ವಿದೇಶದಲ್ಲಿರುವ ಮಕ್ಕಳಿಗೆ ಕೊಡಬೇಕು ಎಂದಿದ್ದರೆ ಇನ್ನೊಂದು ವಿಷಯ ನೆನಪಿಡಿ. 100 ವರ್ಷ ದಾಟಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ಖಾಸಗಿಯಾಗಿ ದೇಶದಿಂದ ಹೊರಗೆ ಒಯ್ಯುವಂತಿಲ್ಲ. 1918ರ ಮುಂಬೈ ಸವರನ್ ಈಗಾಗಲೇ ಆ ವಯಸ್ಸು ದಾಟಿದೆ.